ಆಟಗಾರನ ಅಂತರಂಗ, ಪ್ರೇಕ್ಷಕನ ತಕ್ಕಡಿ

೨೦೨೫ನೆಯ ಅಕ್ಟೋಬರ್ ೩೦ರ ರಾತ್ರಿ ಹಳೆಯ ಸ್ನೇಹಿತರೊಬ್ಬರ ಮನೆಯಲ್ಲಿ ನಾವು ಐದಾರು ಮಂದಿ ಟೆಲಿವಿಷನ್ನಿನ ಮುಂದೆ ಕುಳಿತಿದ್ದೆವು. ನವಿ ಮುಂಬಯಿಯಲ್ಲಿ ಮಹಿಳೆಯರ ವಿಶ್ವಕಪ್ ಕ್ರಿಕೆಟ್ಟಿನ ಸೆಮಿಫೈನಲ್ ಪಂದ್ಯ ನಡೆದಿತ್ತು. ಆಸ್ಟ್ರೇಲಿಯದವರು ೩೩೮ ರನ್ನುಗಳ ಬೆಟ್ಟವನ್ನೇ ಎದುರಿಗಿಟ್ಟಿದ್ದರು. ನಮ್ಮ ಹೆಣ್ಣುಮಕ್ಕಳು ಆ ಬೆಟ್ಟವನ್ನು ಹತ್ತಿಯೇಬಿಟ್ಟರು. ಜೆಮಿಮಾ ರಾಡ್ರಿಗಸ್ ೧೨೭ ರನ್ ಗಳಿಸಿ ಕೊನೆಯವರೆಗೂ ಔಟಾಗದೆ ನಿಂತರು. ಗೆಲುವಿನ ರನ್ ಬಂದಾಗ ಆ ಮನೆಯ ಯಜಮಾನರು, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಗಂಭೀರ ಸ್ವಭಾವದವರು, ಹೆಗಲ ಮೇಲಿನ ವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡುದನ್ನು ನಾನು ಕಂಡೆ.

ಆಮೇಲೆ ಆಕೆ ಮಾತನಾಡಿದರು, ಅಳುತ್ತಲೇ ಮಾತನಾಡಿದರು. ಇದು ತನ್ನೊಬ್ಬಳಿಂದ ಆಗುತ್ತಿರಲಿಲ್ಲವೆಂದು ಹೇಳಿ ಏಸುವಿಗೂ ತಾಯಿತಂದೆಗಳಿಗೂ ಕೃತಜ್ಞತೆ ಸಲ್ಲಿಸಿದರು. ನಮ್ಮ ಯಜಮಾನರ ಮುಖದ ಬಣ್ಣ ಸ್ವಲ್ಪ ಬದಲಾಯಿತು. “ಆಡಿದ್ದೇನೋ ಭರ್ಜರಿಯಾಗಿಯೇ ಆಡಿದಳು, ಮಗು. ಆದರೆ ಅದನ್ನೆಲ್ಲ ಇಲ್ಲಿ ಯಾಕೆ ಹೇಳಬೇಕಾಗಿತ್ತು? ಮನೆಯಲ್ಲಿಟ್ಟುಕೊಂಡಿದ್ದರೆ ಆಗುತ್ತಿರಲಿಲ್ಲವೆ?” ಎಂದರು. ಯಾರೂ ಎದುರಾಡಲಿಲ್ಲ. ನಿಜವನ್ನೇ ಹೇಳುವುದಾದರೆ ನಾನೂ ತಲೆಯಾಡಿಸಿದೆ. ಆಗ ಕಾಫಿಯ ಲೋಟಗಳನ್ನು ತಂದಿಡುತ್ತಿದ್ದ ಅವರ ಶ್ರೀಮತಿಯವರು, “ರಾಮನ ಹೆಸರು ಹೇಳಿದ್ದರೆ ನೀವು ಕೈಮುಗಿಯುತ್ತಿದ್ದಿರಿ” ಎಂದಷ್ಟೆ ಹೇಳಿ ಒಳಗೆ ಹೋದರು.

ಮರುದಿನದ ಹೊತ್ತಿಗೆ ಸಾಮಾಜಿಕ ಜಾಲತಾಣಗಳಲ್ಲಿ ಆಕೆಯ ಮೇಲೆ ಹೊಗಳಿಕೆಯ ಮಳೆಯ ಜೊತೆಗೆ ಬೈಗುಳದ ಕೆಸರೂ ಬಿದ್ದಿತ್ತು. ಆಕೆಯ ತಂದೆಯವರು ಧಾರ್ಮಿಕ ಕೂಟಗಳಿಗೆ ಕ್ಲಬ್ಬಿನ ಆವರಣವನ್ನು ಬಳಸಿದರೆಂಬ ಆಕ್ಷೇಪಣೆಯ ಮೇಲೆ ೨೦೨೪ರಲ್ಲಿ ಮುಂಬಯಿಯ ಖಾರ್ ಜಿಮ್ಖಾನಾ ಆಕೆಗೆ ಕೊಟ್ಟಿದ್ದ ಗೌರವ ಸದಸ್ಯತ್ವವನ್ನು ಹಿಂತೆಗೆದುಕೊಂಡಿತ್ತು. ನಿಯಮಗಳಿಗೆ ಅನುಸಾರವಾಗಿಯೇ ನಡೆದುಕೊಂಡೆವೆಂದೂ ಮತಾಂತರದ ಮಾತು ಸುಳ್ಳೆಂದೂ ತಂದೆಯವರು ಹೇಳಿದ್ದರು. ಆ ಹಳೆಯ ಪ್ರಕರಣವನ್ನೂ ಜನ ಈಗ ಮತ್ತೆ ಕೆದಕಿದರು. ನನಗೆ ಮಾತ್ರ ಜಾಲತಾಣದ ಬೈಗುಳಕ್ಕಿಂತ ನನ್ನದೇ ತಲೆಯಾಟ ಹೆಚ್ಚಾಗಿ ಕಾಡಿತು. “ಮನೆಯಲ್ಲಿಟ್ಟುಕೊ” ಎಂಬ ಆ ಬುದ್ಧಿವಾದವನ್ನು ನಾನು ಈ ಮೊದಲು ಎಲ್ಲಿ ಕೇಳಿದ್ದೆನೆಂದು ಯೋಚಿಸುತ್ತ ಹೋದಾಗ, ಹನ್ನೆರಡು ವರ್ಷಗಳಷ್ಟು ಹಿಂದಿನ ಅಮೆರಿಕದ ಒಂದು ದಿನ ನೆನಪಿಗೆ ಬಂತು.

ಆ ದಿನ ೨೦೧೩ನೆಯ ಏಪ್ರಿಲ್ ೨೯. ಅಂದು ಅಮೆರಿಕದ ಕ್ರೀಡಾಲೋಕದಲ್ಲಿ ಎರಡು ಸುದ್ದಿಗಳು ಒಟ್ಟಿಗೆ ಬಂದವು. ನ್ಯೂಯಾರ್ಕ್ ಜೆಟ್ಸ್ ತಂಡದವರು ಟಿಮ್ ಟೀಬೋ ಎಂಬ ಫುಟ್‌ಬಾಲ್ ಆಟಗಾರನನ್ನು ತಂಡದಿಂದ ಬಿಡುಗಡೆ ಮಾಡಿದರು. ಅದೇ ದಿನ ಜೇಸನ್ ಕಾಲಿನ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರ, ತಾನು ಸಲಿಂಗಾನುರಾಗಿ ಎಂಬುದನ್ನು ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯಲ್ಲಿ ತನ್ನ ಹೆಸರಿನಲ್ಲೇ ಬರೆದು ಪ್ರಕಟಿಸಿದ. ಒಬ್ಬನನ್ನು ನಾಡೆಲ್ಲ ಬಲ್ಲದ್ದು ಅವನ ದೈವಭಕ್ತಿಗಾಗಿ. ಇನ್ನೊಬ್ಬನನ್ನು ಅಂದಿನಿಂದ ಬಲ್ಲದ್ದು ಅವನ ಪ್ರೇಮದ ಸ್ವರೂಪಕ್ಕಾಗಿ. ಕಾಕತಾಳೀಯವಾಗಿ ಕೂಡಿಬಂದ ಈ ಎರಡು ವಾರ್ತೆಗಳನ್ನು ಅಮೆರಿಕದ ಜನ ಜೊತೆಗಿಟ್ಟು ತೂಗಲು ತೊಡಗಿದರು.

ಟೀಬೋವಿನ ಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಆತ ಕ್ರೈಸ್ತ ಧರ್ಮಪ್ರಚಾರಕರ ಮಗ. ಹುಟ್ಟಿದ್ದು ಫಿಲಿಪೀನ್ಸ್ ದೇಶದಲ್ಲಿ. ಕಾಲೇಜು ತಂಡದಲ್ಲಿದ್ದಾಗ ಕಣ್ಣ ಕೆಳಗಿನ ಕಪ್ಪುಪಟ್ಟಿಯ ಮೇಲೆ ಬೈಬಲ್ಲಿನ ವಚನದ ಸಂಖ್ಯೆ ಬರೆದುಕೊಂಡು ಆಡುತ್ತಿದ್ದ. ಡೆನ್ವರ್ ಬ್ರಾಂಕೋಸ್ ತಂಡಕ್ಕೆ ಬಂದ ಮೇಲೆ, ೨೦೧೧ರ ಋತುವಿನಲ್ಲಿ, ಸೋಲುವಂತಿದ್ದ ಪಂದ್ಯಗಳನ್ನು ಕೊನೆಯ ಗಳಿಗೆಯಲ್ಲಿ ಗೆಲ್ಲಿಸಿ ಒಂದು ಮೊಣಕಾಲೂರಿ ತಲೆಬಾಗಿ ಪ್ರಾರ್ಥಿಸುವುದು ಅವನ ಗುರುತಾಯಿತು. ಆ ಭಂಗಿಗೆ ಅವನ ಹೆಸರೇ ನಿಂತಿತು. ಭಕ್ತರು ಅದನ್ನು ಅನುಕರಿಸಿದರು, ಕುಚೋದ್ಯಗಾರರೂ ಅನುಕರಿಸಿದರು. ಡೆಟ್ರಾಯಿಟ್ ತಂಡದ ಎದುರಾಳಿಯೊಬ್ಬ ಅವನನ್ನು ನೆಲಕ್ಕೆ ಕೆಡವಿ, ಅವನ ಪಕ್ಕದಲ್ಲೇ ಮೊಣಕಾಲೂರಿ ಅಣಕಿಸಿದ.

ಇಲ್ಲಿ ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಟೀಬೋ ತಂಡ ಕಳೆದುಕೊಂಡದ್ದು ಪ್ರಾರ್ಥನೆ ಮಾಡಿದ್ದರಿಂದಲೇ ಎನ್ನುವುದು ಅವನ ಅಭಿಮಾನಿಗಳ ವಾದ. ಅದು ಪೂರ್ತಿ ಒಪ್ಪತಕ್ಕದ್ದಲ್ಲ. ಅವನ ಎಸೆತದಲ್ಲಿ ಕುಂದಿತ್ತೆಂಬುದನ್ನು ಆಟ ಬಲ್ಲವರು ಮೊದಲಿನಿಂದಲೂ ಹೇಳುತ್ತಿದ್ದರು. ಅವನಿಗಿಂತ ನುರಿತ ಆಟಗಾರ ಸಿಕ್ಕೊಡನೆ ಡೆನ್ವರಿನವರು ಅವನನ್ನು ಬಿಟ್ಟುಕೊಟ್ಟಿದ್ದರು. ಆದರೆ ಎಸೆತದ ಕುಂದನ್ನು ಹೇಳುವವನಿಗೆ ಮೊಣಕಾಲೂರಿ ಅಣಕಿಸುವ ಅಗತ್ಯವಿಲ್ಲ. ಜನ ನಕ್ಕದ್ದು ಅವನ ಎಸೆತವನ್ನು ಕಂಡಲ್ಲ, ಅವನ ನಂಬಿಕೆಯನ್ನು ಕಂಡು.

ಕಾಲಿನ್ಸನ ಪಾಡು ಬೇರೆ. ಆಗ ಅವನಿಗೆ ಮೂವತ್ತನಾಲ್ಕು ವಯಸ್ಸು. ಹನ್ನೆರಡು ಋತು ಆಡಿದ್ದವನು. ರಾಷ್ಟ್ರಾಧ್ಯಕ್ಷ ಒಬಾಮಾ ಅವರೇ ದೂರವಾಣಿಯಲ್ಲಿ ಕರೆದು ಅಭಿನಂದಿಸಿದರು. ಆದರೆ ಅದೇ ದಿನ ಹೆಸರಾಂತ ಕ್ರೀಡಾವಾಹಿನಿಯೊಂದರಲ್ಲಿ ಒಬ್ಬ ವರದಿಗಾರರು, ಇಂಥ ಜೀವನವನ್ನು ಬಹಿರಂಗವಾಗಿ ನಡೆಸುವುದು ದೇವರ ವಿರುದ್ಧ ದಂಗೆಯೇಳುವುದೆಂದೂ ಅಂಥವನನ್ನು ತಾನು ಕ್ರೈಸ್ತನೆಂದು ಕರೆಯಲಾರೆನೆಂದೂ ಹೇಳಿದರು. ಟೀಬೋ ಬಾಯಿಬಿಟ್ಟರೆ ಮತಾಂಧನೆನ್ನುವಿರಿ, ಕಾಲಿನ್ಸ್ ಬಾಯಿಬಿಟ್ಟರೆ ವೀರನೆನ್ನುವಿರಿ ಎಂದು ಒಂದು ಪಕ್ಷ ಆಕ್ಷೇಪಿಸಿತು. ಟೀಬೋ ಮೊಣಕಾಲೂರಿದರೆ ಭಕ್ತಿಯೆನ್ನುವಿರಿ, ಕಾಲಿನ್ಸ್ ಒಂದು ವಾಕ್ಯ ಬರೆದರೆ ಮನೆಯ ವಿಷಯ ಮನೆಯಲ್ಲಿರಲಿ ಎನ್ನುವಿರಿ ಎಂದು ಇನ್ನೊಂದು ಪಕ್ಷ ಮರುನುಡಿಯಿತು. ನನಗೆ ತೋರುವಂತೆ, ಎರಡು ಪಕ್ಷಗಳೂ ಎದುರು ಪಕ್ಷದ ವಿಷಯದಲ್ಲಿ ಆಡಿದ ಮಾತು ನಿಜ. ತಮ್ಮ ವಿಷಯದಲ್ಲಿ ಮೌನವಾಗಿದ್ದುದೇ ತಪ್ಪು.

ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಕಾಲಿನ್ಸ್ ತನ್ನ ಆ ಲೇಖನದಲ್ಲೇ, ತನ್ನನ್ನು ಕ್ರೈಸ್ತ ಸಂಸ್ಕಾರದಲ್ಲಿ ಬೆಳೆಸಿದರೆಂದೂ ಏಸುವಿನ ಬೋಧನೆಯನ್ನು, ವಿಶೇಷವಾಗಿ ಅದರ ಸಹನೆ ಮತ್ತು ತಿಳಿವಳಿಕೆಗಳನ್ನು, ತಾನು ಮನಸಾರೆ ಸ್ವೀಕರಿಸಿದ್ದೇನೆಂದೂ ಬರೆದಿದ್ದ. ಅಂದರೆ, ಧರ್ಮಶ್ರದ್ಧೆ ಒಂದು ಪಾಳೆಯ, ಸಲಿಂಗಪ್ರೇಮ ಅದಕ್ಕೆದುರಾದ ಪಾಳೆಯ ಎಂಬ ಚಿತ್ರ ಅವನು ಬರೆದದ್ದಲ್ಲ. ಅದು ಪ್ರೇಕ್ಷಕರು ತಮ್ಮ ಅನುಕೂಲಕ್ಕೆ ಬರೆದುಕೊಂಡ ಚಿತ್ರ. ಒಬ್ಬನೇ ಮನುಷ್ಯನ ಎದೆಯಲ್ಲಿ ಎರಡೂ ಇರಬಹುದೆಂಬ ಸಾಧ್ಯತೆ ಅವರಿಗೆ ಹೊಳೆಯಲೇ ಇಲ್ಲ.

ಹಾಗೆ ಎರಡನ್ನೂ ಹೊತ್ತ ಒಬ್ಬ ಆಟಗಾರ ಇಂಗ್ಲೆಂಡಿನಲ್ಲಿ ಬಾಳಿದ್ದ. ಜಸ್ಟಿನ್ ಫಶಾನು ಎಂದು ಅವನ ಹೆಸರು. ೧೯೬೧ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ತಂದೆ ನೈಜೀರಿಯದವರು, ತಾಯಿ ಗಯಾನಾ ಮೂಲದವರು. ಅನಾಥಾಲಯದಿಂದ ಬಂದ ಅವನನ್ನೂ ಅವನ ತಮ್ಮನನ್ನೂ ನಾರ್‌ಫೋಕ್ ಪ್ರಾಂತದ ಬಿಳಿಯ ದಂಪತಿಗಳು ಸಾಕಿದರು. ೧೯೮೦ರಲ್ಲಿ ಲಿವರ್‌ಪೂಲಿನ ವಿರುದ್ಧ ಅವನು ಹೊಡೆದ ಗೋಲು ಆ ವರ್ಷದ ಶ್ರೇಷ್ಠ ಗೋಲೆಂದು ಬಿ.ಬಿ.ಸಿ.ಯ ಮನ್ನಣೆ ಪಡೆಯಿತು. ೧೯೮೧ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡ ಹತ್ತು ಲಕ್ಷ ಪೌಂಡು ಕೊಟ್ಟು ಅವನನ್ನು ಕೊಂಡಿತು. ಬ್ರಿಟನ್ನಿನ ಕಪ್ಪು ಆಟಗಾರನೊಬ್ಬನಿಗೆ ಅಷ್ಟು ಬೆಲೆ ಅದೇ ಮೊದಲು.

ಅಲ್ಲಿಂದಲೇ ಇಳಿಜಾರು ಮೊದಲಾಯಿತು. ಅವನು ಸಲಿಂಗಾನುರಾಗಿಗಳ ಪಾನಗೃಹಗಳಿಗೆ ಹೋಗುತ್ತಾನೆಂಬ ಸುದ್ದಿ ತಂಡದ ಮ್ಯಾನೇಜರ್ ಬ್ರಯನ್ ಕ್ಲಫ್‌ನ ಕಿವಿಗೆ ಬಿತ್ತು. ಆಟ ಕಲಿಸಬೇಕಾದವನು ಹಂಗಿಸಿದ. ತಂಡದೊಡನೆ ಅಭ್ಯಾಸ ಮಾಡದಂತೆ ತಡೆದ. ಅದೇ ಕಾಲದಲ್ಲಿ ಫಶಾನು ಕ್ರೈಸ್ತ ಶ್ರದ್ಧೆಯ ಕಡೆಗೆ ತೀವ್ರವಾಗಿ ತಿರುಗಿದ್ದ. ಅವನ ನಂಬಿಕೆ ಬಣ್ಣದ ವೇಷವಲ್ಲ, ಅವನ ಪ್ರೇಮವೂ ಅಲ್ಲ. ಒಂದು ಇನ್ನೊಂದನ್ನು ಒಪ್ಪದೆ ಅವನೊಳಗೆ ಹೋರಾಡುತ್ತಿದ್ದವು. ೧೯೯೦ರಲ್ಲಿ ‘ದಿ ಸನ್’ ಪತ್ರಿಕೆಯ ಮುಖಪುಟದಲ್ಲಿ ಅವನ ತಪ್ಪೊಪ್ಪಿಗೆಯೆಂಬಂತೆ ವಿಷಯ ಬಯಲಾದಾಗ, ಸ್ವತಃ ಫುಟ್‌ಬಾಲ್ ಆಟಗಾರನಾಗಿದ್ದ ತಮ್ಮನೇ ಅವನನ್ನು ಬಹಿರಂಗವಾಗಿ ತ್ಯಜಿಸಿದ. ೧೯೯೮ರಲ್ಲಿ ಅಮೆರಿಕದಲ್ಲಿ ಹದಿನೇಳು ವಯಸ್ಸಿನ ತರುಣನೊಬ್ಬ ಅವನ ಮೇಲೆ ಲೈಂಗಿಕ ಆಕ್ರಮಣದ ದೂರು ಕೊಟ್ಟ. ಆ ದೂರಿನ ವಿಚಾರಣೆ ನ್ಯಾಯಾಲಯದಲ್ಲಿ ನಡೆಯಲೇ ಇಲ್ಲ. ಇಂಗ್ಲೆಂಡಿಗೆ ಮರಳಿದ ಫಶಾನು ಆ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ಒಂದು ಗ್ಯಾರೇಜಿನಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಅವನ ವಯಸ್ಸು ಮೂವತ್ತೇಳು.

ಆ ದೂರಿನ ಸತ್ಯಾಸತ್ಯತೆಯನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಅವನನ್ನು ಸಂತನನ್ನಾಗಿ ಮಾಡುವುದೂ ನನ್ನ ಉದ್ದೇಶವಲ್ಲ. ನಾನು ಹೇಳುವುದಿಷ್ಟೆ. ಅವನ ನಂತರ ಬ್ರಿಟನ್ನಿನ ವೃತ್ತಿಪರ ಪುರುಷ ಫುಟ್‌ಬಾಲಿನಲ್ಲಿ ಆಡುತ್ತಿದ್ದಾಗಲೇ ತನ್ನ ಸಲಿಂಗಪ್ರೇಮವನ್ನು ಬಹಿರಂಗಪಡಿಸಿದ ಇನ್ನೊಬ್ಬ ಆಟಗಾರನಿಗಾಗಿ ೨೦೨೨ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಆ ಇನ್ನೊಬ್ಬ, ಬ್ಲ್ಯಾಕ್‌ಪೂಲ್ ತಂಡದ ಜೇಕ್ ಡೇನಿಯಲ್ಸ್, ಆಗ ಹದಿನೇಳರ ಹುಡುಗ. ನಡುವಿನ ಮೂವತ್ತೊಂದು ವರ್ಷಗಳಲ್ಲಿ ಆಡಿದ ಸಾವಿರಾರು ಮಂದಿಯಲ್ಲಿ ಬೇರೆ ಯಾರೂ ಇರಲಿಲ್ಲವೆಂದು ನಂಬಲು ನಮಗೆ ಸಾಧ್ಯವೆ? ಅವರೆಲ್ಲರೂ “ಮನೆಯಲ್ಲಿಟ್ಟುಕೊ” ಎಂಬ ಬುದ್ಧಿವಾದವನ್ನು ಚೆನ್ನಾಗಿ ಕೇಳಿಸಿಕೊಂಡಿದ್ದರು. ಸೌಮ್ಯವಾಗಿ ಕೇಳುವ ಆ ಮಾತಿನ ಭಾರ ಎಷ್ಟೆಂಬುದು ಆ ಮೂವತ್ತೊಂದು ವರ್ಷಗಳ ಮೌನದಿಂದ ತಿಳಿಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸುಲಭದ ಭಾಗ. ಒಬ್ಬ ಪ್ರಾರ್ಥಿಸಲಿ, ಇನ್ನೊಬ್ಬ ಪ್ರೀತಿಸಲಿ, ಇಬ್ಬರನ್ನೂ ಅವರವರ ಪಾಡಿಗೆ ಬಿಡೋಣವೆಂದರೆ ವಿಚಾರಶೀಲರಾದ ವಾಚಕರಲ್ಲಿ ಬಹುಮಂದಿ ಒಪ್ಪಿಯಾರು. ಆದರೆ ಒಬ್ಬನ ಶ್ರದ್ಧೆಯೇ ಇನ್ನೊಬ್ಬನ ಪ್ರೀತಿಯನ್ನು ಪಾಪವೆಂದು ಸಾರಿದಾಗ ಏನು ಮಾಡಬೇಕು? ಆಸ್ಟ್ರೇಲಿಯ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು.

ಇಸ್ರೇಲ್ ಫೊಲಾವ್ ಟೋಂಗಾ ಮೂಲದ ಕುಟುಂಬದವನು. ಆಸ್ಟ್ರೇಲಿಯದ ರಗ್ಬಿ ತಂಡದ ದೊಡ್ಡ ಆಟಗಾರ. ೨೦೧೯ರ ಏಪ್ರಿಲ್‌ನಲ್ಲಿ ಆತ ಇನ್ಸ್ಟಾಗ್ರಾಮಿನಲ್ಲಿ, ಕುಡುಕರು, ಕಳ್ಳರು, ವ್ಯಭಿಚಾರಿಗಳು, ನಾಸ್ತಿಕರು ಇವರ ಸಾಲಿನಲ್ಲಿ ಸಲಿಂಗಾನುರಾಗಿಗಳನ್ನೂ ನಿಲ್ಲಿಸಿ, ಪಶ್ಚಾತ್ತಾಪಪಡದಿದ್ದರೆ ಇವರಿಗೆಲ್ಲ ನರಕವೆಂಬ ಬರಹವನ್ನು ಪ್ರಕಟಿಸಿದ. ರಗ್ಬಿ ಮಂಡಳಿಯವರು ಹಿಂದೆಯೂ ಎಚ್ಚರಿಕೆ ಕೊಟ್ಟಿದ್ದರು; ಈ ಬಾರಿ ಒಪ್ಪಂದವನ್ನೇ ರದ್ದುಮಾಡಿದರು. ಮೊಕದ್ದಮೆಯ ಖರ್ಚಿಗೆಂದು ಅವನು ಅಂತರ್ಜಾಲದಲ್ಲಿ ಚಂದಾ ಎತ್ತತೊಡಗಿದಾಗ ಒಂದು ಸಂಸ್ಥೆ ಅವನ ಪುಟವನ್ನು ತೆಗೆದುಹಾಕಿತು. ಕ್ರೈಸ್ತ ಸಂಘಟನೆಯೊಂದು ಮುಂದೆ ಬಂದು ಎರಡೇ ದಿನಗಳಲ್ಲಿ ಇಪ್ಪತ್ತು ಲಕ್ಷ ಡಾಲರುಗಳಿಗೂ ಹೆಚ್ಚಾಗಿ ಕೂಡಿಸಿಕೊಟ್ಟಿತು. ಡಿಸೆಂಬರಿನಲ್ಲಿ ಎರಡು ಕಡೆಯವರೂ ರಾಜಿಯಾಗಿ, ಒಬ್ಬರಿಗೊಬ್ಬರು ನೋವುಂಟಾಗಿದ್ದರೆ ಕ್ಷಮೆಯಿರಲಿ ಎಂದರು. ಇದೇ ಫೊಲಾವ್ ೨೦೧೪ರಲ್ಲಿ ಸಲಿಂಗಾನುರಾಗಿ ರಗ್ಬಿ ತಂಡಗಳ ಪಂದ್ಯಾವಳಿಯೊಂದಕ್ಕೆ ಪ್ರಚಾರವಾಗಿ ಅವರ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡಿದ್ದ ಎಂಬುದನ್ನು ಎರಡು ಪಕ್ಷದವರೂ ಬೇಗ ಮರೆತರು.

ಮೂರು ವರ್ಷಗಳ ಅನಂತರ, ೨೦೨೨ರ ಜುಲೈ ತಿಂಗಳಲ್ಲಿ, ಸಿಡ್ನಿಯ ಮ್ಯಾನ್ಲಿ ತಂಡದಲ್ಲಿ ಬೇರೊಂದು ಬಗೆಯ ಘಟನೆ ನಡೆಯಿತು. ತಂಡದವರು ಕಾಮನಬಿಲ್ಲಿನ ಬಣ್ಣದ ಪಟ್ಟಿಗಳಿದ್ದ ಅಂಗಿಯನ್ನು ಒಂದು ಪಂದ್ಯಕ್ಕೆಂದು ಹೊಲಿಸಿದರು, ಆಟಗಾರರನ್ನು ಕೇಳಲಿಲ್ಲ. ಏಳು ಮಂದಿ ತಮ್ಮ ಧಾರ್ಮಿಕ ಮತ್ತು ಸಾಂಸ್ಕೃತಿಕ ನಂಬಿಕೆಗೆ ಅದು ಒಗ್ಗದೆಂದು ಹೇಳಿ ಆ ಪಂದ್ಯದಿಂದ ಹೊರಗುಳಿದರು. ಅವರು ಯಾರನ್ನೂ ನರಕಕ್ಕೆ ಕಳಿಸಲಿಲ್ಲ. ಅಂಗಿ ತೊಡಲಾರೆವೆಂದರು, ಅಷ್ಟೆ. ಕೋಚ್ ಡೆಸ್ ಹ್ಯಾಸ್ಲರ್ ಬಹಿರಂಗವಾಗಿ ಕ್ಷಮೆ ಕೇಳಿದರು: ಸಲಿಂಗಾನುರಾಗಿಗಳ ಕ್ಷಮೆಯನ್ನೂ, ಕೇಳದೆ ಅಂಗಿ ಹೊಲಿಸಿದ್ದಕ್ಕಾಗಿ ತಮ್ಮ ಆಟಗಾರರ ಕ್ಷಮೆಯನ್ನೂ. ೧೯೯೫ರಲ್ಲಿ ಆ ಕ್ರೀಡೆಯಲ್ಲೇ ಮೊದಲಿಗನಾಗಿ ತನ್ನ ಸಲಿಂಗಪ್ರೇಮವನ್ನು ಹೇಳಿಕೊಂಡ ಇಯಾನ್ ರಾಬರ್ಟ್ಸ್ ಆಡಿದ್ದೂ ಇದೇ ಮ್ಯಾನ್ಲಿ ತಂಡದಲ್ಲಿ. ಅಂಥ ತಂಡದಲ್ಲೇ ಹೀಗಾದದ್ದು ಅವನಿಗೆಷ್ಟು ನೋವು ತಂದಿರಬೇಕೆಂಬುದನ್ನೂ ನಾವು ಊಹಿಸಿಕೊಳ್ಳಬೇಕು.

ಈ ಪ್ರಸಂಗಗಳನ್ನು ಒಟ್ಟಿಗೆ ನೋಡಿದಾಗ ಮೂರು ಬಗೆಯ ನಡೆಗಳು ಬೇರೆಬೇರೆಯಾಗಿ ಕಾಣುತ್ತವೆ. ಒಂದು, ಆಟಗಾರನು ತನ್ನ ವಿಷಯವನ್ನು ತಾನು ಹೇಳಿಕೊಳ್ಳುವುದು: ಟೀಬೋವಿನ ಮೊಣಕಾಲು, ಕಾಲಿನ್ಸನ ಲೇಖನ, ಜೆಮಿಮಾ ಅವರ ಕೃತಜ್ಞತೆ. ಎರಡು, ತಾನು ಒಪ್ಪದ ಮಾತನ್ನು ತನ್ನ ಬಾಯಿಂದ ಹೇಳಿಸಬೇಡಿರೆಂದು ಹಿಂದೆ ಸರಿಯುವುದು: ಮ್ಯಾನ್ಲಿಯ ಏಳು ಮಂದಿ. ಮೂರು, ಇತರರ ಬಾಳಿನ ಮೇಲೆ ತೀರ್ಪು ಕೊಡುವುದು: ಫೊಲಾವ್. ಸಾರ್ವಜನಿಕರಾದ ನಾವು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ನಮಗೆ ಬೇಡವಾದವನು ಮೊದಲನೆಯದನ್ನು ಮಾಡಿದರೂ ಮೂರನೆಯದನ್ನು ಮಾಡಿದನೆಂದು ಕೂಗುವುದು. ನಮಗೆ ಬೇಕಾದವನು ಮೂರನೆಯದನ್ನು ಮಾಡಿದರೂ ಪಾಪ, ಮೊದಲನೆಯದನ್ನಷ್ಟೆ ಮಾಡಿದನೆಂದು ಸಮರ್ಥಿಸುವುದು.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಮೊದಲನೆಯದು ಎಲ್ಲರಿಗೂ ಸಮಾನವಾದ ಹಕ್ಕು; ಅದಕ್ಕೆ ಯಾರ ಅಪ್ಪಣೆಯೂ ಬೇಡ. ಎರಡನೆಯದರಲ್ಲಿ ತಿರಸ್ಕಾರವಿಲ್ಲದಿದ್ದರೆ ಅದನ್ನು ಸಹಿಸಬೇಕು; ಬಲವಂತದಿಂದ ತೊಡಿಸಿದ ಅಂಗಿ ತೊಟ್ಟವನ ಮನಸ್ಸನ್ನೂ ತಿದ್ದದು, ಯಾರ ಗೌರವಕ್ಕೆಂದು ತೊಡಿಸಿದರೋ ಅವರಿಗೂ ಗೌರವ ತಾರದು. ಮೂರನೆಯದನ್ನು ಮಾಡುವವನು ಕಟುವಾದ ಉತ್ತರವನ್ನು ಕೇಳಿಸಿಕೊಳ್ಳಲು ಸಿದ್ಧನಾಗಿರಬೇಕು. ಏಕೆಂದರೆ ಅವನ ಬರಹವನ್ನು ಓದುವವರಲ್ಲಿ, ತನ್ನ ಗುಟ್ಟನ್ನು ಇನ್ನೂ ತಾಯಿಗೂ ಹೇಳದ ಹದಿನೈದರ ಹುಡುಗನೊಬ್ಬ ಇರುತ್ತಾನೆ. ಗೋಡೆಯ ಮೇಲೆ ಅವನು ಅಂಟಿಸಿಕೊಂಡಿರುವುದು ಈ ಆಟಗಾರನ ಚಿತ್ರವೇ ಆಗಿರುತ್ತದೆ. ಹಾಗೆಂದು ಮಾತಿಗೆ ಮಾತಿನ ಉತ್ತರ ಕೊಡುವುದಕ್ಕೂ ಅನ್ನವನ್ನು ಕಿತ್ತುಕೊಳ್ಳುವುದಕ್ಕೂ ನಡುವೆ ಅಂತರವಿದೆ. ಫೊಲಾವ್ ತಾನೇ ಸಹಿ ಮಾಡಿದ ಒಪ್ಪಂದವನ್ನು ಮುರಿದನೆಂಬ ವಾದದಲ್ಲಿ ಹುರುಳಿದೆ. ಆದರೂ ಆ ಅಂತರವನ್ನು ಅಷ್ಟು ಸುಲಭವಾಗಿ ದಾಟುವ ಅಭ್ಯಾಸ ಬೆಳೆದರೆ, ನಾಳೆ ಅದು ಯಾರ ಮೇಲೆ ತಿರುಗುವುದೋ ಹೇಳಬರುವಂತಿಲ್ಲ.

ಈ ವ್ಯಾಪಾರದಲ್ಲಿ ಹಣದ ಪಾತ್ರವನ್ನೂ ಮರೆಯಲಾಗದು. ವೃತ್ತಿಪರ ಆಟವೆಂದರೆ ಟಿಕೆಟ್ಟು, ಜಾಹೀರಾತು, ಅಂಗಿಯ ಮಾರಾಟ. ಅಮೆರಿಕದ ಬೇಸ್‌ಬಾಲ್ ತಂಡಗಳು ಸಲಿಂಗಾನುರಾಗಿಗಳ ಸಂಭ್ರಮದ ರಾತ್ರಿಯನ್ನೂ ಏರ್ಪಡಿಸುತ್ತವೆ, ಕ್ರೈಸ್ತ ಶ್ರದ್ಧೆಯ ದಿನವನ್ನೂ ಏರ್ಪಡಿಸುತ್ತವೆ. ೨೦೨೩ರಲ್ಲಿ ಲಾಸ್ ಏಂಜಲೀಸಿನ ಡಾಡ್ಜರ್ಸ್ ತಂಡದವರು ಸಂನ್ಯಾಸಿನಿಯರ ವೇಷ ತೊಟ್ಟು ವಿಡಂಬನೆ ಮಾಡುವ ಸೇವಾಸಂಘವೊಂದನ್ನು ಸನ್ಮಾನಕ್ಕೆ ಕರೆದರು; ಕ್ಯಾಥೊಲಿಕರು ಪ್ರತಿಭಟಿಸಿದಾಗ ಬರಬೇಡಿರೆಂದರು; ಇನ್ನೊಂದು ಕಡೆಯವರು ಪ್ರತಿಭಟಿಸಿದಾಗ ದಯಮಾಡಿ ಬನ್ನಿರೆಂದರು; ಅದೇ ಸಮಯಕ್ಕೆ ನಿಂತುಹೋಗಿದ್ದ ಕ್ರೈಸ್ತ ಶ್ರದ್ಧೆಯ ದಿನವನ್ನು ಮತ್ತೆ ಆರಂಭಿಸುವುದಾಗಿ ಸಾರಿದರು. ಅಂಗಡಿಯವನು ಎಲ್ಲ ದೇವರ ಪಟಗಳನ್ನೂ ಮಾರುತ್ತಾನೆ. ಅದರಿಂದ ಅವನನ್ನು ಸರ್ವಧರ್ಮ ಸಮನ್ವಯಿ ಎನ್ನಲಾಗದು. ನಂಬಿಕೆಯನ್ನೂ ಪ್ರೇಮವನ್ನೂ ಮಾರಾಟದ ಸರಕನ್ನಾಗಿ ಮಾಡಿದ ಮೇಲೆ, ಕೊಂಡುಕೊಂಡ ಪ್ರೇಕ್ಷಕನು ತಾನೇ ಒಡೆಯನೆಂದು ಭಾವಿಸಿದರೆ ಆಶ್ಚರ್ಯವೇನು?

ಇಷ್ಟೆಲ್ಲ ಹೇಳಿ, ಇದು ಪರದೇಶದವರ ಪೇಚಾಟವೆಂದು ಕಾಲು ಚಾಚಿ ಕುಳಿತುಕೊಳ್ಳುವಂತಿಲ್ಲ. ನಮ್ಮ ಮಹಮ್ಮದ್ ಶಮಿಯವರನ್ನೇ ನೋಡಿರಿ. ೨೦೨೧ರ ಅಕ್ಟೋಬರ್ ೨೪ರಂದು ದುಬೈಯಲ್ಲಿ ಭಾರತ ಪಾಕಿಸ್ತಾನಕ್ಕೆ ಹತ್ತು ವಿಕೆಟ್ಟುಗಳಿಂದ ಸೋತಿತು. ಸೋತದ್ದು ಹನ್ನೊಂದು ಮಂದಿ, ದ್ರೋಹಿಯೆನಿಸಿಕೊಂಡದ್ದು ಒಬ್ಬರು. ನಾಯಕ ವಿರಾಟ್ ಕೊಹ್ಲಿ, ಧರ್ಮದ ಹೆಸರಿನಲ್ಲಿ ಒಬ್ಬರ ಮೇಲೆ ಬೀಳುವುದು ಅತ್ಯಂತ ಹೇಯವೆಂದು ನಿಷ್ಠುರವಾಗಿ ನುಡಿದಾಗ, ಜಾಲತಾಣದಲ್ಲಿ ಅವರ ಹಸುಗೂಸಿಗೇ ಬೆದರಿಕೆ ಬಂತು. ೨೦೨೩ರ ವಿಶ್ವಕಪ್ಪಿನಲ್ಲಿ ಶ್ರೀಲಂಕೆಯ ವಿರುದ್ಧ ಐದು ವಿಕೆಟ್ ಕಿತ್ತ ಶಮಿ ಮೈದಾನದಲ್ಲಿ ಒಂದು ಕ್ಷಣ ಮಂಡಿಯೂರಿದರು. ನಮಾಜಿನ ಸಾಷ್ಟಾಂಗಕ್ಕೆ ಹೊರಟು ಹೆದರಿ ನಿಂತರೆಂದು ಕೆಲವರು ಕಥೆ ಕಟ್ಟಿದರು. ಮಾಡಬೇಕೆನಿಸಿದರೆ ನನ್ನನ್ನು ತಡೆಯುವವರು ಯಾರು, ನಾನು ಹೆಮ್ಮೆಯ ಮುಸಲ್ಮಾನ, ಹೆಮ್ಮೆಯ ಭಾರತೀಯ ಎಂಬರ್ಥದ ಉತ್ತರವನ್ನು ಅವರು ಕೊಟ್ಟರು. ೨೦೨೫ರ ಮಾರ್ಚಿಯಲ್ಲಿ, ರಂಜಾನ್ ತಿಂಗಳಲ್ಲಿ ನಡೆದ ಪಂದ್ಯದಲ್ಲಿ ಅವರು ಬಾಯಾರಿ ಪಾನೀಯ ಕುಡಿದುದನ್ನು ಕಂಡು, ಉಪವಾಸ ಬಿಟ್ಟು ಪಾಪ ಮಾಡಿದರೆಂದು ಮೌಲ್ವಿಯೊಬ್ಬರು ಖಂಡಿಸಿದರು. ಒಬ್ಬ ಬೌಲರನ ಮಂಡಿಯನ್ನು ಒಬ್ಬರು ಲೆಕ್ಕವಿಟ್ಟರೆ ಅವನ ಗುಟುಕನ್ನು ಇನ್ನೊಬ್ಬರು ಲೆಕ್ಕವಿಟ್ಟರು.

ಪ್ರೇಮದ ವಿಷಯದಲ್ಲಿಯೂ ನಮ್ಮ ತಕ್ಕಡಿ ಇದಕ್ಕಿಂತ ನೆಟ್ಟಗಿಲ್ಲ. ೨೦೧೮ರ ಸೆಪ್ಟೆಂಬರ್ ೬ರಂದು ಸುಪ್ರೀಂ ಕೋರ್ಟು ವಯಸ್ಕರ ಸಲಿಂಗಪ್ರೇಮ ಅಪರಾಧವಲ್ಲವೆಂದು ತೀರ್ಪಿತ್ತಿತು. ಮರುವರ್ಷದ ಮೇ ತಿಂಗಳಲ್ಲಿ ಒಡಿಶಾದ ಓಟಗಾರ್ತಿ ದ್ಯುತಿ ಚಂದ್, ತನ್ನೂರಿನ ಯುವತಿಯೊಬ್ಬಳೊಡನೆ ತನಗೆ ಪ್ರೇಮವಿದೆಯೆಂದು ಬಹಿರಂಗವಾಗಿ ಹೇಳಿದರು. ನೇಕಾರರ ಮನೆಯ ಮಗಳು ಆಕೆ. ಮನೆಯವರೇ ಪತ್ರಿಕೆಗಳ ಮುಂದೆ ವಿರೋಧವಾಡಿದರು. ಎರಡು ತಿಂಗಳೊಳಗೆ ನೇಪಲ್ಸ್ ನಗರದ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ನೂರು ಮೀಟರನ್ನು ೧೧.೩೨ ಸೆಕೆಂಡುಗಳಲ್ಲಿ ಓಡಿ ಆಕೆ ಚಿನ್ನದ ಪದಕ ಗೆದ್ದಾಗ ಅದೇ ನಾಡು ಅಭಿನಂದನೆಯ ಹೊಳೆ ಹರಿಸಿತು. ಮುಂದೆ ನಿಷಿದ್ಧ ಔಷಧ ಸೇವನೆಯ ಕಾರಣಕ್ಕೆ ೨೦೨೩ರಲ್ಲಿ ನಾಲ್ಕು ವರ್ಷಗಳ ನಿಷೇಧ ಬಂದಾಗ, ಕ್ರೀಡೆಯ ಅಪರಾಧಕ್ಕೆ ಕ್ರೀಡೆಯ ಶಿಕ್ಷೆ ಎಂದು ಅದನ್ನು ಅಲ್ಲಿಗೆ ಬಿಡಬಹುದಾಗಿತ್ತು. ಕೆಲವರಿಗೆ ಅದು ಸಾಲಲಿಲ್ಲ. ಆಕೆಯ ಪ್ರೇಮವನ್ನೂ ಅದರೊಡನೆ ಎಳೆತಂದರು.

ಇನ್ನೊಂದು ಬಗೆಯ ಮೌನವೂ ನಮ್ಮಲ್ಲಿದೆ. ೨೦೨೪ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಪಂದ್ಯಗಳು ನಡೆದವು. ಅಲ್ಲಿ ಮುಂಬಯಿ ತಂಡಕ್ಕೆ ಆಡಿದ ಇಂಗ್ಲೆಂಡಿನ ನ್ಯಾಟ್ ಸಿವರ್-ಬ್ರಂಟ್, ತನ್ನ ತಂಡದ ಒಡನಾಡಿ ಆಟಗಾರ್ತಿಯನ್ನೇ ೨೦೨೨ರಲ್ಲಿ ಮದುವೆಯಾದವರು. ಎರಡು ಹೆಸರು ಕೂಡಿಸಿಕೊಂಡು ಅದನ್ನು ಬೆನ್ನಿನ ಮೇಲೆ ಬರೆಸಿಕೊಂಡವರು. ನಮ್ಮ ಜನ ಅವರ ಹೊಡೆತಗಳಿಗೆ ಚಪ್ಪಾಳೆ ತಟ್ಟಿದರು. ಬೆನ್ನಿನ ಹೆಸರಿನ ಬಗೆಗೆ ಗೊಂದಲವೇಳಲಿಲ್ಲ. ಇದನ್ನು ಔದಾರ್ಯವೆಂದು ನಂಬಲು ನನಗೆ ಆಸೆ. ಆದರೆ ಅದೇ ಹೆಸರನ್ನು ನಮ್ಮ ಊರಿನ ಹುಡುಗಿಯೊಬ್ಬಳು, ಇಲ್ಲವೆ ನಮ್ಮ ಪುರುಷರ ತಂಡದ ಆಟಗಾರನೊಬ್ಬನು, ಬೆನ್ನ ಮೇಲೆ ಬರೆಸಿಕೊಂಡಿದ್ದರೆ? ಹೊರಗಿನವರಿಗೆ ಕೊಡುವ ಸ್ವಾತಂತ್ರ್ಯವನ್ನು ಮನೆಯ ಮಕ್ಕಳಿಗೆ ಕೊಡಲು ಅಂಜುವುದು ನಮ್ಮ ಹಳೆಯ ಅಭ್ಯಾಸ.

ಮತ್ತೆ ನನ್ನ ಸ್ನೇಹಿತರ ಮನೆಯ ಮಾತಿಗೆ ಬರುತ್ತೇನೆ. ಮೈಸೂರಿನ ಗರಡಿ ಮನೆಗಳನ್ನು ನೋಡಿದವರಿಗೆ ಗೊತ್ತು: ಅಲ್ಲಿ ಆಂಜನೇಯನ ಪಟಕ್ಕೆ ಕೈಮುಗಿಯದೆ, ಮಟ್ಟಿಯ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳದೆ ಪೈಲ್ವಾನನು ಕಣಕ್ಕಿಳಿಯುವುದಿಲ್ಲ. ಅದು ನಮಗೆ ಧರ್ಮದ ಪ್ರದರ್ಶನವೆಂದು ತೋರುವುದೇ ಇಲ್ಲ. ಕುಸ್ತಿಯ ಒಂದು ಅಂಗವೆಂದೇ ತೋರುತ್ತದೆ. ಬಹುಜನರ ನಂಬಿಕೆ ಗಾಳಿಯ ಹಾಗೆ. ಒಳಗೆ ಇರುವವರಿಗೆ ಕಾಣದು. ಅಲ್ಪಸಂಖ್ಯಾತನ ನಂಬಿಕೆ ಹೊಗೆಯ ಹಾಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಪ್ರೇಮದ ವಿಷಯವೂ ಹಾಗೆಯೇ. ಶತಕ ಬಾರಿಸಿದ ಬ್ಯಾಟುಗಾರನು ಗ್ಯಾಲರಿಯಲ್ಲಿ ಕುಳಿತ ಹೆಂಡತಿಯ ಕಡೆಗೆ ಮುತ್ತು ತೂರಿದರೆ ಕ್ಯಾಮೆರಾ ಓಡಿಹೋಗಿ ಆಕೆಯ ನಾಚಿಕೆಯನ್ನು ನಮಗೆ ತೋರಿಸುತ್ತದೆ. ಅದು ಖಾಸಗಿ ವಿಷಯ, ಮನೆಯಲ್ಲಿಟ್ಟುಕೊ ಎಂದು ಯಾರೂ ಹೇಳುವುದಿಲ್ಲ. ೨೦೧೪ರಲ್ಲಿ ಅಮೆರಿಕದ ಮೈಕೆಲ್ ಸ್ಯಾಮ್, ಫುಟ್‌ಬಾಲ್ ಲೀಗಿಗೆ ತಾನು ಆಯ್ಕೆಯಾದ ಸಂತೋಷದಲ್ಲಿ ತನ್ನ ಗೆಳೆಯನಿಗೆ ಮುತ್ತಿಟ್ಟಾಗ ಮಾತ್ರ ಮಕ್ಕಳಿಗೆ ಏನೆಂದು ಹೇಳಲಿ ಎಂಬ ಚಿಂತೆ ಅನೇಕ ತಂದೆತಾಯಿಗಳನ್ನು ಕಾಡಿತು.

ಕಾಲ ಎಲ್ಲವನ್ನೂ ಸರಿಮಾಡುತ್ತದೆಂದು ಹೇಳುವವರಿದ್ದಾರೆ. ಅದಕ್ಕೆ ಅವರು ಮಹಮ್ಮದ್ ಅಲಿಯನ್ನು ಸಾಕ್ಷಿಗೆ ಕರೆಯುತ್ತಾರೆ. ೧೯೬೪ರಲ್ಲಿ ಅವನು ಇಸ್ಲಾಮನ್ನು ಸ್ವೀಕರಿಸಿ ಹೆಸರು ಬದಲಿಸಿಕೊಂಡಾಗ ಅಮೆರಿಕದ ಎಷ್ಟೋ ಪತ್ರಿಕೆಗಳು ವರ್ಷಗಟ್ಟಲೆ ಹಳೆಯ ಹೆಸರನ್ನೇ ಬರೆದವು. ೧೯೬೭ರಲ್ಲಿ ಧರ್ಮದ ಕಾರಣದಿಂದ ಸೈನ್ಯಕ್ಕೆ ಸೇರಲೊಲ್ಲೆನೆಂದಾಗ ಪದವಿಯನ್ನು ಕಿತ್ತುಕೊಂಡರು. ೧೯೭೧ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅವನ ಮೇಲಿನ ಶಿಕ್ಷೆಯನ್ನು ತೆಗೆದುಹಾಕಿತು. ೧೯೯೬ರಲ್ಲಿ ಅಟ್ಲಾಂಟಾದ ಒಲಿಂಪಿಕ್ ಜ್ಯೋತಿಯನ್ನು ನಡುಗುವ ಅವನ ಕೈಯಿಂದಲೇ ಹೊತ್ತಿಸಿದರು. ಚೆಲುವಾದ ಕಥೆ, ನಿಜ. ಆದರೆ ಅವನ ಪ್ರಾಯದ ಅತ್ಯುತ್ತಮವಾದ ಮೂರು ವರ್ಷಗಳಿಗೂ ಮಿಕ್ಕ ಕಾಲವನ್ನು ಯಾರೂ ಹಿಂತಿರುಗಿಸಲಿಲ್ಲ. ಫಶಾನುವಿನ ಹೆಸರನ್ನು ಇಂಗ್ಲೆಂಡಿನವರು ೨೦೨೦ರಲ್ಲಿ ತಮ್ಮ ಫುಟ್‌ಬಾಲ್ ವಸ್ತುಸಂಗ್ರಹಾಲಯದ ಗೌರವಪಟ್ಟಿಗೆ ಸೇರಿಸಿದರು. ಆ ಗೌರವವನ್ನು ಸ್ವೀಕರಿಸಲು ಅವನಿರಲಿಲ್ಲ.

ಆದ್ದರಿಂದ ಕಾಲದ ಮೇಲೆ ಭಾರ ಹಾಕದೆ, ನಾವು ಆಯಾ ಹೊತ್ತಿನಲ್ಲೇ ಮಾಡಬಹುದಾದ ಒಂದು ಸಣ್ಣ ಪರೀಕ್ಷೆಯಿದೆ. ಹಿಂದೆ ನಮ್ಮ ಸಂತೆಗಳಲ್ಲಿ ಅನುಮಾನ ಬಂದ ಗಿರಾಕಿಯು ತಕ್ಕಡಿಯ ತಟ್ಟೆಗಳನ್ನು ಅದಲುಬದಲು ಮಾಡಿ ತೂಗೆಂದು ಕೇಳುತ್ತಿದ್ದ. ಒಬ್ಬ ಆಟಗಾರನ ಮಾತು ನಮಗೆ ಕಸಿವಿಸಿ ಮಾಡಿದಾಗ ಅದನ್ನೇ ನಮ್ಮ ದೇವರ ಹೆಸರಿನಲ್ಲಿ, ನಮಗೆ ರೂಢಿಯಾದ ಪ್ರೇಮದ ಹೆಸರಿನಲ್ಲಿ ಆಡಿದ್ದರೆ ಹೇಗೆ ಕೇಳಿಸುತ್ತಿತ್ತೆಂದು ನೋಡಬೇಕು. ಆಗಲೂ ಕಸಿವಿಸಿಯಾದರೆ ನಮ್ಮ ಆಕ್ಷೇಪಣೆಗೆ ಬೆಲೆಯುಂಟು. ಆಗದಿದ್ದರೆ ದೋಷ ಆಟಗಾರನದಲ್ಲ, ತಟ್ಟೆಯ ಕೆಳಗೆ ನಾವು ಅಂಟಿಸಿದ ಮೇಣದ್ದು.

ಈ ಪರೀಕ್ಷೆಯನ್ನು ನನಗೆ ಕಲಿಸಿದವರು ಯಾವ ಪಂಡಿತರೂ ಅಲ್ಲ, ಕಾಫಿ ತಂದಿಟ್ಟು ಒಳಗೆ ಹೋದ ಆ ತಾಯಿ. ನವೆಂಬರ್ ೨ರಂದು ಫೈನಲ್ ಪಂದ್ಯದ ದಿನ ನಾವೆಲ್ಲ ಮತ್ತೆ ಅದೇ ಮನೆಯಲ್ಲಿ ಸೇರಿದೆವು. ಭಾರತ ದಕ್ಷಿಣ ಆಫ್ರಿಕವನ್ನು ೫೨ ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ಕಪ್ ಗೆದ್ದಿತು. ಯಜಮಾನರು ಆ ರಾತ್ರಿ ಯಾರ ದೇವರ ವಿಷಯವನ್ನೂ ಎತ್ತಲಿಲ್ಲ. ಆಟಗಾರ್ತಿಯರು ಮೈದಾನದಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದಾಗ, ಜೆಮಿಮಾ ಕಾಣಿಸಿಕೊಂಡರು. “ಅಗೋ, ನಮ್ಮ ಹುಡುಗಿ” ಎಂದು ಅವರೇ ಮೊದಲು ಬೆರಳು ಮಾಡಿ ತೋರಿಸಿದರು. ಅವರ ಶ್ರೀಮತಿಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡರು; ಏನೂ ಹೇಳಲಿಲ್ಲ.